ಶಾಲು ಹೊದಿಸಿದ ಮೇಲೆ

ನನ್ನ ಮೊಮ್ಮಗಳು ಅಮೆರಿಕಕ್ಕೆ ಹೋದದ್ದು ಓದುವ ಆಸೆಯಿಂದಲ್ಲ. ನಾವು ಅವಳಿಗೆ ಶಾಲು ಹೊದಿಸಿಬಿಟ್ಟಿದ್ದೆವು, ಅದಕ್ಕೆ ಹೋದಳು. ಮನೆಯಲ್ಲಿ ಇದನ್ನು ಯಾರೂ ಒಪ್ಪುವುದಿಲ್ಲ. ಅಳಿಯನನ್ನು ಕೇಳಿದರೆ ಅದು ಅವಳದೇ ಆಯ್ಕೆ. ಮಗಳನ್ನು ಕೇಳಿದರೆ ದೇವರು ಕೊಟ್ಟ ಅವಕಾಶ. ಹೇಳಲಿ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಆದರೆ ಆ ದಿನ ಅಲ್ಲೇ ಕುರ್ಚಿಯಲ್ಲಿ ಕೂತಿದ್ದೆ.

ಈಗ ಈ ಮಾತು ಯಾಕೆ ಬಂತೆಂದರೆ, ಎದುರು ಮನೆಯವರು ಮೊನ್ನೆ ಬಾವುಟ ಹಾರಿಸಿದರು. ಬಾವುಟದ ಕೋಲಿನ ತುದಿಗೆ ಹಳೆಯ ಶಾಲೆ ಚೀಲವೊಂದು ನೇತಾಡುತ್ತಿದೆ. ಡಚ್ಚರ ಈ ದೇಶದಲ್ಲಿ ಹಾಗೆ. ಮಕ್ಕಳು ಶಾಲೆಯ ಕೊನೆಯ ಪರೀಕ್ಷೆ ಪಾಸಾದರೆ ಬಾವುಟ ಕಟ್ಟಿ ಅದಕ್ಕೆ ಚೀಲ ತೂಗುಹಾಕುತ್ತಾರೆ. ಜೂನ್ ತಿಂಗಳಲ್ಲಿ ಆಮರ್ಸ್‌ಫೋರ್ಟಿನ ನಮ್ಮ ಬೀದಿಯಲ್ಲಿ ನಡೆದರೆ ತಲೆಯ ಮೇಲೆಲ್ಲ ಚೀಲಗಳು. ಮೊದಲ ಸಲ ನೋಡಿದಾಗ, ಯಾವುದೋ ಮಗು ಸಿಟ್ಟಿನಲ್ಲಿ ಎಸೆದದ್ದು ಸಿಕ್ಕಿಕೊಂಡಿದೆ ಎಂದುಕೊಂಡು ಆ ಮನೆಯ ಬಾಗಿಲು ಬಡಿಯಲು ಹೊರಟಿದ್ದೆ. ಮಗಳು ಸೆರಗು ಹಿಡಿದು ಎಳೆದಳು. ಹೋದ ವರ್ಷ ನಮ್ಮ ಧೃತಿಯ ಚೀಲವೂ ನೇತಾಡಿತು. ಬೀದಿಯವರೆಲ್ಲ ಬಂದು ನನ್ನ ಕೈಯನ್ನೂ ಕುಲುಕಿದರು, ಪರೀಕ್ಷೆ ಬರೆದವಳು ನಾನೇ ಎಂಬಂತೆ. ನಾನೂ ಬಿಂಕದಿಂದ ಕುಲುಕಿಸಿಕೊಂಡೆ.

ಅವರ ಪದ್ಧತಿ ನನಗೆ ಹಿಡಿಸಿತು. ಚೀಲ ಕೆಲವು ದಿನ ಗಾಳಿಗೆ ಆಡುತ್ತದೆ, ಮಳೆಗೆ ನೆನೆಯುತ್ತದೆ, ಆಮೇಲೆ ಇಳಿಸುತ್ತಾರೆ. ಮಗು ಮುಂದೆ ಎಲ್ಲಿ ಓದುತ್ತದೆ ಎಂದು ಯಾರೂ ಬಾವುಟದ ಮೇಲೆ ಬರೆಯುವುದಿಲ್ಲ. ಮುಗಿದ ಕೆಲಸಕ್ಕೆ ಸಂತೋಷಪಡುತ್ತಾರೆ ಅಷ್ಟೆ. ನಾವೋ, ಇನ್ನೂ ಶುರುವಾಗದ ಕೆಲಸಕ್ಕೆ ಸನ್ಮಾನ ಮಾಡುವ ಜನ.

ಆ ಸನ್ಮಾನದ ಕತೆ ಹೇಳುತ್ತೇನೆ. ನಾನು ವರ್ಷಕ್ಕೊಮ್ಮೆ ಮೂರು ತಿಂಗಳ ವೀಸಾದಲ್ಲಿ ಮಂಗಳೂರಿನಿಂದ ಇಲ್ಲಿಗೆ ಬಂದು ಹೋಗುವವಳು. ಹೋದ ವರ್ಷ ಯುಗಾದಿಗೆ ಸರಿಯಾಗಿ ಬಂದೆ. ಕನ್ನಡ ಸಂಘದವರು ನ್ಯೂವೆಗೈನ್ ಎಂಬ ಊರಿನಲ್ಲಿ ಒಂದು ಆಟದ ಹಾಲ್ ಬಾಡಿಗೆಗೆ ಹಿಡಿದು ಹಬ್ಬ ಮಾಡಿದರು. ಅದೇ ವಾರ ಧೃತಿಗೆ ಅಮೆರಿಕದ ಒಂದು ಖಾಸಗಿ ಕಾಲೇಜಿನಿಂದ ಸೀಟು ಬಂದಿತ್ತು, ಜೊತೆಗೆ ಸ್ಕಾಲರ್‌ಶಿಪ್ಪೂ ಬಂದಿತ್ತು. ನನ್ನ ಮಗಳು ಶೈಲಾ ಅದನ್ನು ಸಂಘದ ಕಾರ್ಯದರ್ಶಿ ಮಂಜುಳಾಳ ಕಿವಿಗೆ ಹಾಕಿದಳು. ಸ್ಕಾಲರ್‌ಶಿಪ್ ಎಂದರೆ ನಮ್ಮ ಕಡೆಯವರ ತಲೆಯಲ್ಲಿ ಇರುವುದು ಒಂದೇ: ಜಾಣ ಮಗು, ಫೀಸಿಲ್ಲದ ಓದು. ಮಂಜುಳಾ ಹಾಗೆಯೇ ತಿಳಿದಳು. ಹುಡುಗಿಯನ್ನು ವೇದಿಕೆಗೆ ಕರೆಸಿ ಶಾಲು ಹೊದಿಸಿ, ಹಾರ ಹಾಕಿ, ಕೈಯಲ್ಲಿ ಹಣ್ಣಿನ ಬುಟ್ಟಿ ಇಟ್ಟು, ತಲೆಗೊಂದು ಮೈಸೂರು ಪೇಟ ಇಟ್ಟರು. ಪೇಟ ಹುಬ್ಬಿನ ತನಕ ಇಳಿದಿತ್ತು.

“ನಮ್ ಮಕ್ಳಿಗೆಲ್ಲಾ ಇವ್ಳು ಇನ್‌ಸ್ಪಿರೇಷನ್!” ಎಂದು ಮಂಜುಳಾ ಮೈಕಿನಲ್ಲಿ ಕೂಗಿದಳು.

ಆ ಹೊತ್ತಿನವರೆಗೆ ಧೃತಿ ಹೋಗುವುದೋ ಬಿಡುವುದೋ ಎಂದು ತೂಗುತ್ತಿದ್ದಳು. ಇಲ್ಲಿಂದ ರೈಲಿನಲ್ಲಿ ಹೋಗಿ ಬರುವಷ್ಟು ಹತ್ತಿರದ ಉಟ್ರೆಕ್ಟಿನಲ್ಲೂ ಅದೇ ಸಮಾಜಶಾಸ್ತ್ರ ಓದಲು ಹೆಸರು ಕೊಟ್ಟಿದ್ದಳು. ಇವರೆಲ್ಲ ಈ ದೇಶದ ಪಾಸ್‌ಪೋರ್ಟಿನವರು, ಇಲ್ಲಿಯ ಫೀಸು ಇವರಿಗೆ ಭಾರವಲ್ಲ. ಹೋಳಿಗೆ ಊಟಕ್ಕೆ ಕೂತಾಗ ಯಾರೋ, “ಯಾವಾಗ ಹೊರಡೋದು ಪುಟ್ಟಾ?” ಎಂದರು. ಹೆಗಲ ಮೇಲೆ ಶಾಲು ಇತ್ತು. “ಆಗಸ್ಟ್” ಎಂದಳು. ತೀರ್ಮಾನವಾದದ್ದು ಆಗ. ಅಪ್ಪ ಅಮ್ಮ ಮೇಜಿನ ಮುಂದೆ ಕೂತು ಲೆಕ್ಕ ಹಾಕಿದ್ದೆಲ್ಲ ಆಮೇಲೆ.

ಆ ಸ್ಕಾಲರ್‌ಶಿಪ್ ಏನೆಂದು ನನಗೆ ತಿಳಿಸಿದವಳು ಪಕ್ಕದ ಮನೆಯ ಕ್ಯಾರಲ್. ಅಮೆರಿಕದವಳು. ಅಲ್ಲಿ ಮಗನನ್ನು ಓದಿಸಲು ತನ್ನಿಂದಾಗದೆಂದು ಗಂಟುಮೂಟೆ ಕಟ್ಟಿಕೊಂಡು ಇಲ್ಲಿಗೆ ಬಂದಿದ್ದಾಳೆ. ನಮ್ಮವರು ಮಗಳನ್ನು ಇಲ್ಲಿಂದ ಅಲ್ಲಿಗೆ ಕಳಿಸುತ್ತಾರೆ, ಅವಳು ಮಗನನ್ನು ಅಲ್ಲಿಂದ ಇಲ್ಲಿಗೆ ತರುತ್ತಾಳೆ, ನಡುವೆ ಒಂದು ಬೇಲಿ. ಬೇಲಿಯಾಚೆ ನಿಂತು ಅವಳು ಹೇಳಿದ್ದನ್ನು ಧೃತಿ ನನಗೆ ಕನ್ನಡ ಮಾಡಿದಳು. ಅಲ್ಲಿಯ ಎಷ್ಟೋ ಕಾಲೇಜುಗಳು ಮೊದಲು ಹೌಹಾರುವ ಬೆಲೆ ಬರೆದಿಡುತ್ತವಂತೆ. ಆಮೇಲೆ, ಬಂದವರಲ್ಲಿ ಮುಕ್ಕಾಲುಪಾಲು ಜನರಿಗೆ ಸ್ಕಾಲರ್‌ಶಿಪ್ ಎಂದು ಹೇಳಿ ಅದರಲ್ಲೇ ಒಂದಿಷ್ಟು ಇಳಿಸುತ್ತವಂತೆ.

“ಹಾಗಾದ್ರೆ ಇದು ಆಷಾಢದ ಸೇಲು” ಎಂದೆ. “ನಿನ್ನ ಅಮ್ಮನಿಗೆ ಗೊತ್ತುಂಟಾ?”

“ಅಮ್ಮನಿಗೆ ಗೊತ್ತುಂಟು ಅಜ್ಜಿ. ಮಂಜುಳಾ ಆಂಟಿಗೆ ಗೊತ್ತಿಲ್ಲ.”

ಇಳಿಸಿದ ಮೇಲೆ ಉಳಿದದ್ದೂ ಸಣ್ಣದಲ್ಲ. ಅದಕ್ಕೆ ಅಳಿಯ ಈ ಮನೆಯ ಮೇಲೆ ಇನ್ನೊಂದು ಸಾಲ ಎತ್ತಿದ.

ನನಗೆ ಆಗಲೇ ಹೆದರಿಕೆ ಹುಟ್ಟಿತ್ತು, ಯಾಕೆಂದರೆ ಇಂಥದ್ದು ನಾನು ಕಂಡದ್ದಿದೆ. ಮಂಗಳೂರಿನ ಒಂದು ಖಾಸಗಿ ಮೆಡಿಕಲ್ ಕಾಲೇಜಿನ ಹಿಂದಿನ ಓಣಿಯಲ್ಲಿ ನಾನೂ ನನ್ನ ಯಜಮಾನರೂ ಮೆಸ್ ನಡೆಸುತ್ತಿದ್ದೆವು. ಉಣ್ಣಲು ಬರುತ್ತಿದ್ದವರಲ್ಲಿ ಜಗದೀಶ ಎಂಬವನಿದ್ದ. ಘಟ್ಟದ ಮೇಲಿನವನು, ಡೊನೇಷನ್ ಸೀಟು. ಸೀಟು ಸಿಕ್ಕಿದ ತಿಂಗಳೇ ಅವನ ಅಪ್ಪ ಊರ ಮನೆಯ ಗೇಟಿಗೆ ‘ಡಾಕ್ಟರ್ ಜಗದೀಶ’ ಎಂದು ಬೋರ್ಡು ಹಾಕಿಸಿದ್ದರಂತೆ. ಅವನು ಮೊದಲನೇ ವರ್ಷವೇ ದಾಟಲಿಲ್ಲ. ಜೊತೆಗಾರರೆಲ್ಲ ಡಾಕ್ಟರಾಗಿ ಹೋದರು, ಇವನು ಹೊಸ ಹುಡುಗರ ನಡುವೆ ಮೀಸೆ ಬಿಟ್ಟುಕೊಂಡು ಕೂತು ಉಣ್ಣುತ್ತಿದ್ದ. “ಬಿಟ್ಟು ಊರಿಗೆ ಹೋಗಿ ಬೇರೆ ಎಂತಾದ್ರೂ ಮಾಡು ಮಾರಾಯ” ಎಂದು ಒಂದು ದಿನ ಹೇಳಿದೆ. “ಗೇಟಿಗೆ ಬೋರ್ಡು ಹಾಕ್ಯಾರಲ್ರೀ ಅಕ್ಕಾರ” ಎಂದ. ರಜೆಗೆ ಊರಿಗೆ ಹೊರಡುವಾಗ ಕುತ್ತಿಗೆಗೆ ಸ್ಟೆತಸ್ಕೋಪ್ ಹಾಕಿಕೊಂಡು ಬಸ್ಸು ಹತ್ತುತ್ತಿದ್ದ. ಕೊನೆಗೆ ಕಾಲೇಜಿನ ಎದುರೇ ಜೆರಾಕ್ಸ್ ಅಂಗಡಿ ಇಟ್ಟ. ಅಂಗಡಿ ಚೆನ್ನಾಗಿಯೇ ನಡೆಯಿತು. ಮೊದಲೇ ಇಡಬಹುದಿತ್ತು.

ಆಗಸ್ಟಿನಲ್ಲಿ ಧೃತಿ ಹೋದಳು. ನಾನು ಆಗಲೇ ಮಂಗಳೂರಿಗೆ ಮರಳಿದ್ದೆ; ವಾರಕ್ಕೊಮ್ಮೆ ವಿಡಿಯೋದಲ್ಲಿ ಮುಖ ನೋಡುವುದು. ಅಮೆರಿಕದ ಕಾಲೇಜು ಎಂದರೆ ನನ್ನ ಕಣ್ಣ ಮುಂದೆ ಇದ್ದದ್ದು ಹುಲ್ಲಿನ ಮೇಲೆ ಪುಸ್ತಕ ಹಿಡಿದು ನಗುವ ಬಿಳಿಯ ಮಕ್ಕಳು.

“ಹಾಗೆಲ್ಲ ಇಲ್ಲ ಅಜ್ಜಿ” ಎಂದಳು. “ನನ್ನ ಕ್ಲಾಸಲ್ಲಿ ಒಬ್ಬಳಿಗೆ ಎರಡು ಮಕ್ಕಳುಂಟು. ಕ್ಯಾಂಟೀನಲ್ಲಿ ಬಡಿಸುವವನು ನನ್ನ ಬೆಂಚಿನವ. ಕರಿಯರು, ಮೆಕ್ಸಿಕೋದವರು, ಚೈನಾದವರು, ಎಲ್ಲ ಇದ್ದಾರೆ. ತುಂಬಾ ಜನ ಕೆಲ್ಸ ಮಾಡಿಕೊಂಡೇ ಓದುದು.”

“ಅವರಿಗೂ ನಿನ್ನಷ್ಟೇ ಫೀಸಾ?”

“ಇಲ್ಲಿಯವರಿಗೆ ಸರ್ಕಾರದ ಹೆಲ್ಪ್ ಉಂಟು. ನಮ್ಗಿಲ್ಲ. ಹೊರಗಿಂದ ಬಂದವರು ಜಾಸ್ತಿ ಕೊಡ್ತಾರೆ, ಅದಕ್ಕೇ ನಮ್ಮನ್ನು ಕರೀತಾರೆ ಅಂತ ಎಲ್ಲರೂ ಜೋಕ್ ಮಾಡ್ತಾರೆ.”

“ಅಂದ್ರೆ ನೀನು ಅಲ್ಲಿ ಎನ್ನಾರೈ ಕೋಟಾ.”

ನಕ್ಕಳು. ನಾನು ನಗಲಿಲ್ಲ. ನನ್ನ ಮೆಸ್ಸಿಗೆ ಬರುತ್ತಿದ್ದ ಎನ್ನಾರೈ ಕೋಟಾದ ಮಕ್ಕಳ ಅಪ್ಪಂದಿರಿಗೆ ಕೊಲ್ಲಿಯಲ್ಲಿ ಅಂಗಡಿಗಳಿದ್ದವು. ನನ್ನ ಅಳಿಯನಿಗೆ ಇರುವುದು ಒಂದು ನೌಕರಿ.

ಅವಳ ಕೋಣೆಯಲ್ಲಿ ಇನ್ನೊಬ್ಬಳಿದ್ದಳು, ಬ್ರಿಯಾನಾ ಎಂದು. ಅವಳ ಅಮ್ಮ ಆಸ್ಪತ್ರೆಯಲ್ಲಿ ನೆಲ ಒರೆಸುವವಳು. ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ಇವಳೇ ಮೊದಲು. ಸಂಜೆಯಾದರೆ ಅಂಗಡಿಯೊಂದರ ಗೋದಾಮಿನಲ್ಲಿ ದುಡಿತ. ವಿಡಿಯೋದಲ್ಲಿ ನನ್ನನ್ನು ಕಂಡರೆ ಕೈ ಬೀಸಿ “ಅಜ್ಜಿ!” ಎನ್ನುತ್ತಿದ್ದಳು. ನಮ್ಮ ಮನೆಯಲ್ಲಿ ಕಾಲೇಜಿಗೆ ಹೋದ ಮೊದಲನೆಯವಳು ಶೈಲಾ. ಅವಳ ಬೆನ್ನಿಗೆ ಮೆಸ್ಸಿನ ಒಲೆ ಇತ್ತು, ಉಣ್ಣಲು ಬಂದವರೇ ಅವಳಿಗೆ ಲೆಕ್ಕ ಹೇಳಿಕೊಡುತ್ತಿದ್ದರು. ಈ ಹುಡುಗಿಗೆ ಸಾಲದ ಹೊರತು ಬೇರೆ ಏನಿತ್ತೋ ತಿಳಿಯದು.

ಚಳಿಗಾಲದ ರಜೆ ಮುಗಿದ ಮೇಲೆ ಒಂದು ದಿನ ಧೃತಿಯ ಬೆನ್ನ ಹಿಂದೆ ಹಾಸಿಗೆಯೊಂದು ಬೋಳಾಗಿ ಕಂಡಿತು. ಹೊದಿಕೆ ಇಲ್ಲ, ದಿಂಬಿಲ್ಲ.

“ಫೇಲಾದಳಾ?”

“ಪಾಸೇ ಆಗ್ತಿದ್ಳು ಅಜ್ಜಿ. ದುಡ್ಡು ಮುಗೀತು. ಈಗ ಡಿಗ್ರಿ ಇಲ್ಲ, ಸಾಲ ಮಾತ್ರ ಹಾಗೇ ಉಂಟು. ಹೀಗೆ ಹೋಗುವವರು ತುಂಬಾ ಜನ ಇದ್ದಾರೆ.”

ಆ ಹಾಸಿಗೆಗೆ ಬೇರೆ ಯಾರನ್ನೂ ಹಾಕಲಿಲ್ಲ. ವಾರ ವಾರವೂ ನಾನು ಮೊದಲು ನೋಡುತ್ತಿದ್ದದ್ದು ಅದನ್ನೇ, ಆಮೇಲೆ ಮೊಮ್ಮಗಳ ಮುಖ. ಮುಖ ಇಳಿಯುತ್ತಾ ಬಂತು. “ಊಟ ಮಾಡಿದೆಯಾ?” ಎಂದರೆ “ಆಯ್ತು” ಎನ್ನುತ್ತಿದ್ದಳು. ಮೆಸ್ ನಡೆಸಿದವಳಿಗೆ ಆ “ಆಯ್ತು” ಗೊತ್ತಾಗುತ್ತದೆ.

ಈ ಸಲ ನಾನು ಬರುವಷ್ಟರಲ್ಲಿ ಅವಳೂ ರಜೆಗೆ ಬಂದಿದ್ದಳು. ಹೋದ ಶನಿವಾರ ಮಧ್ಯಾಹ್ನ ಮಂಜುಳಾಳ ಫೋನು ಬಂತು. ಸ್ಪೀಕರಿನಲ್ಲಿ ನನಗೂ ಕೇಳಿಸುತ್ತಿತ್ತು.

“ಧೃತಿ ಪುಟ್ಟಾ, ನೆಕ್ಸ್ಟ್ ವೀಕ್ ಸಂಘದ ಪಿಕ್‌ನಿಕ್‌ನಲ್ಲಿ ನೀನು ಸ್ವಲ್ಪ ಮಾತಾಡ್ಬೇಕಮ್ಮ. ಅಮೆರಿಕನ್ ಕಾಲೇಜಿಗೆ ಹೇಗೆ ಪ್ರಿಪೇರ್ ಆಗೋದು ಅಂತ. ಪೇರೆಂಟ್ಸ್ ಎಲ್ಲಾ ಕೇಳ್ತಾನೇ ಇದಾರೆ.”

“ಸರಿ ಆಂಟಿ” ಎಂದಳು. ಫೋನಿಟ್ಟು ಹಿತ್ತಲಿಗೆ ಹೋಗಿ ಕಲ್ಲಿನ ಮೇಲೆ ಕೂತಳು. ನಾನು ಬೀನ್ಸಿನ ಬುಟ್ಟಿ ಹಿಡಿದುಕೊಂಡು ಹಿಂದೆಯೇ ಹೋದೆ.

“ಎಂತ ಆಯ್ತು?”

“ಏನಿಲ್ಲ.”

“ಏನಿಲ್ಲದವರ ಮುಖ ಹೀಗಿರುದಿಲ್ಲ. ಹೇಳು.”

ಬೀನ್ಸು ತೆಗೆದುಕೊಂಡು ನಾರು ಎಳೆಯತೊಡಗಿದಳು. “ನಂಗೆ ವಾಪಸ್ ಹೋಗ್ಲಿಕ್ಕೆ ಆಗುದಿಲ್ಲ ಅಜ್ಜಿ. ಮಾರ್ಕ್ಸ್ ಚೆನ್ನಾಗುಂಟು. ಆದ್ರೆ ಕ್ಲಾಸಲ್ಲಿ ಕೂತ್ರೆ ಪಾಠ ಕೇಳುದಿಲ್ಲ, ಈ ಒಂದು ಕ್ಲಾಸಿಗೆ ಪಪ್ಪ ಎಷ್ಟು ಕೊಟ್ಟಿದ್ದಾರೆ ಅಂತಲೇ ತಲೇಲಿ ಓಡ್ತದೆ. ಮುಗಿದ್ಮೇಲೆ ಅಲ್ಲಿ ಬೇಗ ಕೆಲ್ಸ ಸಿಗದಿದ್ರೆ ಇರ್ಲಿಕ್ಕೆ ಬಿಡುದಿಲ್ಲ. ಮತ್ತೆ ಇಲ್ಲಿಗೇ ಬಂದು, ಇಲ್ಲೇ ಓದಿದವರ ಜೊತೆ ಲೈನಲ್ಲಿ ನಿಲ್ಬೇಕು.”

“ಇಲ್ಲಿ ಈಗ ಸೇರಿಸಿಕೊಳ್ತಾರಾ?”

“ಉಟ್ರೆಕ್ಟಲ್ಲಿ ಕೇಳಿದೆ. ಸೇರ್ಬಹುದಂತೆ. ಹೇಳ್ಲಿಕ್ಕೆ ಬಾಯಿ ಬರುದಿಲ್ಲ. ನೀವು ಹೇಳ್ತೀರಾ?”

“ಅಪ್ಪ ಅಮ್ಮನಿಗೆ ನೀನೇ ಹೇಳ್ಬೇಕು. ನಾನು ಪಕ್ಕದಲ್ಲಿ ಕೂತಿರ್ತೇನೆ. ಊರವರಿಗೆ ಹೇಳುದಾದ್ರೆ ನಾನು ಹೇಳ್ತೇನೆ.”

“ಹೂಂ” ಎಂದಳು.

ಇಲ್ಲಿ ಜೂನಿನಲ್ಲಿ ರಾತ್ರಿಯೂಟದ ಹೊತ್ತಿಗೂ ಬಿಸಿಲಿರುತ್ತದೆ. ಅವತ್ತು ಊಟಕ್ಕೆ ಕೂತಾಗ ಆ ಬಿಸಿಲಿನಲ್ಲಿ ಯಾರ ಮುಖವನ್ನೂ ಮುಚ್ಚಿಡಲಾಗಲಿಲ್ಲ. ಅವಳು ಹೇಳಿ ಮುಗಿಸಿದಾಗ ಅಳಿಯ ಕೈಯಲ್ಲಿದ್ದ ತುತ್ತನ್ನು ಬಟ್ಟಲಿಗೆ ಇಳಿಸಿದ.

“ಒಂದು ವರ್ಷದ ದುಡ್ಡು ಹೋಗ್ತದಲ್ಲ ಧೃತಿ.”

“ಅದು ಹೋಗಿಯಾಯ್ತು” ಎಂದೆ. “ಅದನ್ನು ಹುಡುಕ್ಲಿಕ್ಕೆ ಇನ್ನೂ ಮೂರು ವರ್ಷದ್ದು ಕಳಿಸ್ತೀರಾ?”

“ನೀನು ಸುಮ್ನಿರಮ್ಮ” ಎಂದಳು ಶೈಲಾ.

ಅಳಿಯ ಮಗಳ ಬಟ್ಟಲಿಗೆ ಅನ್ನ ಬಡಿಸಿದ. “ಬರ್ಲಿ ಬಿಡು ಶೈಲಾ” ಎಂದ. ಅವನ ದನಿಯಲ್ಲಿ ಬೇಸರಕ್ಕಿಂತ ಉಸಿರು ಬಿಟ್ಟ ಸದ್ದೇ ಹೆಚ್ಚಿತ್ತು. ಕೆಲಸ ಮುಗಿಯಿತು ಎಂದುಕೊಂಡೆ. ಮುಗಿದಿರಲಿಲ್ಲ.

“ಬರ್ಲಿ” ಎಂದಳು ಶೈಲಾ, ಕಣ್ಣೊರೆಸಿಕೊಂಡು. “ಆದ್ರೆ ಜನರಿಗೆ ಎಂತ ಹೇಳುದು? ಸ್ಟೇಜಿಗೆ ಕರ್ದು ಸನ್ಮಾನ ಮಾಡಿದ್ದಾರೆ. ಈಗ ಏನೂ ಹೇಳುದು ಬೇಡ. ಪಿಕ್‌ನಿಕ್ ಆಗಿಹೋಗ್ಲಿ. ಆಗಸ್ಟಲ್ಲಿ ಏನಾದ್ರೂ ನೆಪ ಹೇಳುವ, ಹುಷಾರಿಲ್ಲ ಅಂತಲೋ ಏನೋ.”

“ಹಾಗಾದ್ರೆ ನಾನು ಸ್ಪೀಚ್ ಕೊಡ್ಬೇಕಾ?” ಎಂದು ಧೃತಿ ಕೇಳಿದಳು.

ಅವಳು ಬಟ್ಟಲು ಬಿಟ್ಟು ಎದ್ದಳು.

ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ. ಪಿಕ್‌ನಿಕ್ಕಿನಲ್ಲಿ ಅಷ್ಟು ಮಕ್ಕಳ ಮುಂದೆ ಅಮೆರಿಕವನ್ನು ಹೊಗಳಿದ ಹುಡುಗಿ ಆಗಸ್ಟಿನಲ್ಲಿ ವಿಮಾನ ಹತ್ತಿಯೇ ಹತ್ತುತ್ತಾಳೆ. ಹತ್ತಬೇಡ ಎಂದು ಅಪ್ಪ ಹೇಳಿದರೂ ಹತ್ತುತ್ತಾಳೆ. ಅವಳಿಗೆ ಬೇಡ ಎನ್ನಲು ಬರುವುದಿಲ್ಲ, “ಸರಿ ಆಂಟಿ” ಎನ್ನಲು ಬರುತ್ತದೆ. ನಾನು ಊರವರಿಗೆ ಹೇಳಿಬಿಟ್ಟರೆ, ಆ ಮಾತಿಗೆ ನಾಳೆ ಬೈಗುಳ ತಿನ್ನುವವಳು ಶೈಲಾ. ನಾನೋ ವೀಸಾ ಮುಗಿದ ದಿನ ವಿಮಾನ ಹತ್ತುವವಳು. ಅದೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಸ್ನಾನ ಮುಗಿಸಿ ಅಡುಗೆಮನೆಯಲ್ಲಿ ಫೋನು ಹಿಡಿದು ಕೂತೆ. ಸಂಘದ ಹೆಂಗಸರ ವಾಟ್ಸಾಪ್ ಗುಂಪಿಗೆ ನನ್ನನ್ನೂ ಸೇರಿಸಿದ್ದಾರೆ, ಉಪ್ಪಿನಕಾಯಿ ಹೇಳಿಕೊಡಲೆಂದು. ಟೈಪು ಮಾಡಲು ಬರುವುದಿಲ್ಲ. ಮೈಕಿನ ಗುರುತನ್ನು ಒತ್ತಿ ಹಿಡಿದು ಮಾತಾಡಿದೆ.

“ಎಲ್ಲರಿಗೂ ನಮಸ್ಕಾರ. ನಾನು ಧೃತಿಯ ಅಜ್ಜಿ. ನಮ್ಮ ಹುಡುಗಿ ಅಮೆರಿಕಕ್ಕೆ ವಾಪಸ್ ಹೋಗುದಿಲ್ಲ, ಇಲ್ಲೇ ಉಟ್ರೆಕ್ಟಲ್ಲಿ ಓದ್ತಾಳೆ. ಫೇಲಾಗ್ಲಿಲ್ಲ, ಹುಷಾರಾಗಿದ್ದಾಳೆ. ಅಲ್ಲಿಯ ಖರ್ಚು ನಮ್ಗೆ ಹೆಚ್ಚಾಯ್ತು, ಅವಳಿಗೆ ಅಲ್ಲಿ ನೆಮ್ಮದಿ ಇಲ್ಲ. ನಾವು ಹೇಳಿದ ಸ್ಕಾಲರ್‌ಶಿಪ್ ಫೀಸಿನ ಅರ್ಧವೂ ಇರ್ಲಿಲ್ಲ. ಮಂಜುಳಾ, ಪಿಕ್‌ನಿಕ್ಕಿಗೆ ಎಲ್ಲರೂ ಬರ್ತೇವೆ. ಭಾಷಣ ಇಲ್ಲ. ಮಕ್ಕಳನ್ನು ಕಳಿಸುವ ಆಲೋಚನೆ ಇದ್ದವರು ಅವಳನ್ನು ಕೂರಿಸಿಕೊಂಡು ಕೇಳಿ, ಇದ್ದ ಹಾಗೆ ಹೇಳ್ತಾಳೆ.”

ಬೆರಳು ತೆಗೆದೆ. ಹೋಯಿತು. ಆಮೇಲೆ ಈ ಮನೆಯ ಏಣಿಯಂಥ ಮೆಟ್ಟಿಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹತ್ತಿ, ಬೇರೆ ಯಾರಾದರೂ ಹೇಳುವ ಮೊದಲು ಹೇಳಬೇಕೆಂದು, ಶೈಲಾಳ ಕೋಣೆಯ ಬಾಗಿಲು ತಟ್ಟಿದೆ.