ನೀರು ಬೆರೆಸಿದವಳಿಗೊಂದು ಶಿಫಾರಸು

ಶಾಂತಿಗ್ರಾಮದ ಪಕ್ಕದ ನಮ್ಮೂರ ಡೈರಿಯಲ್ಲಿ ಹಾಲು ಪರೀಕ್ಷಿಸುತ್ತಿದ್ದವನಿಗೆ ಮೀಸೆ ಇತ್ತೋ ಇಲ್ಲವೋ, ಖಾತ್ರಿಯಿಲ್ಲ. ನೆನಪಿನಲ್ಲಿ ಒಮ್ಮೊಮ್ಮೆ ನಾನೇ ಅಂಟಿಸುತ್ತೇನೆ. ನೀರು ಬೆರೆತಿದ್ದರೆ ತೋರಿಸಿಕೊಡುವ ಲ್ಯಾಕ್ಟೋಮೀಟರನ್ನು ಹಾಲಿಗೆ ಬಿಟ್ಟು, ಅದು ನಿಲ್ಲುವವರೆಗೆ ಉಸಿರು ಬಿಗಿಹಿಡಿಯುತ್ತಿದ್ದದ್ದು ಮಾತ್ರ ನಿಜ. ಯಾರು ಏನು ಹೇಳಹೊರಟರೂ ಅವನದು ಒಂದೇ ಮಾತು: "ಮೊದ್ಲು ಕ್ಯಾನ್ ಇಳುಸು."

ಎಂ.ಎ. ಮುಗಿಸಿದ ನಾನು ರಾಜಕೀಯ ಅರ್ಥಶಾಸ್ತ್ರದ ಸಂಶೋಧನೆಗೆ ಫೆಲೋಶಿಪ್ ಕೇಳಿ ಅರ್ಜಿ ಹಾಕಿದ್ದೆ. ಸಿಗದಿದ್ದರೆ ನನ್ನ ಓದು ಅಲ್ಲಿಗೇ ಮುಗಿಯುತ್ತಿತ್ತು. ಕಾಲೇಜಿನ ಹೊರಗೆ ನನ್ನನ್ನು ಬಲ್ಲವರೊಬ್ಬರ ಪತ್ರ ಬೇಕಿತ್ತು. ಹಾಲು ಹಾಕಲು ಹೋಗುತ್ತಿದ್ದ ನನ್ನನ್ನು ದಿನಾ ನೋಡುತ್ತಿದ್ದವನು ಅವನೇ.

"ಒಸಿ ಚೆನ್ನಾಗ್ ಬರೀರಣ್ಣಾ" ಎಂದೆ.

"ಇದ್ದಂಗೆ ಬರೀತೀನಿ ಕಣವ್ವಾ" ಎಂದು ಲಕೋಟೆ ಅಂಟಿಸಿ ಕಳಿಸಿಬಿಟ್ಟ.

ಅದರಲ್ಲೇನಿದೆ ಎಂದು ಗೊತ್ತಾದದ್ದು ಸಂದರ್ಶನದಲ್ಲಿ. ಒಬ್ಬರು ಗಟ್ಟಿಯಾಗಿ ಓದಿದರು: "ಎರಡು ವರ್ಷದಿಂದ ಹಾಲು ಹಾಕುತ್ತಾರೆ. ಒಂದು ದಿನವೂ ತಡವಾಗಿ ಬಂದಿಲ್ಲ. ಎರಡು ಸಲ ನೀರು ಬೆರೆಸಿದ್ದಾರೆ. ಕೇಳಿದಾಗ ಒಪ್ಪಿಕೊಂಡಿದ್ದಾರೆ." ಕೆಳಗೆ ಡೈರಿಯ ಸೀಲು ಬೇರೆ.

ನನ್ನ ಹನ್ನೆರಡು ಪುಟದ ಪ್ರಸ್ತಾವವನ್ನು ಯಾರೂ ತೆರೆಯಲಿಲ್ಲ. "ನೀರು ಯಾಕೆ ಬೆರೆಸಿದಿರಿ?" ಎಂದರು. ಹಿಂಡಿಯ ಬೆಲೆ ಏರಿಸುವವರು ಯಾರು, ಹಾಲಿಗೆ ಬೆಲೆ ಕಟ್ಟುವವರು ಯಾರು, ಎರಡಕ್ಕೂ ನಮ್ಮನ್ನೇಕೆ ಯಾರೂ ಕೇಳುವುದಿಲ್ಲ ಎಂದು ಸಿಟ್ಟಿನಲ್ಲಿ ಅರ್ಧ ಗಂಟೆ ಒದರಿದೆ. ಫೆಲೋಶಿಪ್ ಸಿಕ್ಕಿತು.

ಮಾರನೆಯ ಬೆಳಿಗ್ಗೆ ಡೈರಿಗೆ ಓಡಿದೆ. "ಅಣ್ಣಾ, ಸಿಕ್ತು!"

"ಮೊದ್ಲು ಕ್ಯಾನ್ ಇಳುಸು."

ಲ್ಯಾಕ್ಟೋಮೀಟರ್ ಬಿಟ್ಟು ಉಸಿರು ಹಿಡಿದ. ಆವತ್ತು ಹಾಲು ಕರೆದು ಕ್ಯಾನ್ ತುಂಬಿದ್ದು ಅಮ್ಮ. ನಾನೂ ಉಸಿರು ಹಿಡಿದೆ.