ಊರುಗೋಲು ಬರೆಯುತ್ತಾ ಹೋದ ಶರಣಪ್ಪ ಕಾಕಾ

ಶರಣಪ್ಪ ಕಾಕಾ ಕುಳಿತು ಚಿತ್ರ ಬರೆದದ್ದನ್ನು ನಾನಂತೂ ನೋಡಿಲ್ಲ. ಅರವತ್ತರ ದಶಕದ ಮಾತು. ನಾಸಿಕದಲ್ಲಿ ಹತ್ತಾರು ಸಂಸಾರಗಳಿದ್ದ ನಮ್ಮ ವಾಡೆಯಲ್ಲಿ ಎದುರಿನ ಕೋಣೆ ಅವರದು. ಕಿಟಕಿಯ ಕಟ್ಟೆಯ ಮೇಲೆ ಹಲಗೆ, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು. ಒಂದು ಗೆರೆ ಎಳೆದರೆ ಅಂಗಳಕ್ಕೆ ಬರುವರು, ಇನ್ನೊಂದು ಎಳೆದರೆ ಚಹಾ ಕೇಳುವರು. ಬೀದರ್ ಕಡೆಯವರು, ಮರಾಠಿ ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದೇ ಅವರ ಅನ್ನ. ನಮ್ಮನ್ನೆಲ್ಲ ಅಂಗಳದ ತುಂಬ ಓಡಿಸಿ ನೋಡುತ್ತಿದ್ದರು. "ಓಡ್ರೆಲೇ! ನಿಂತ್ರ ನೀವು ಗೂಟ, ಓಡಿದ್ರ ಮಕ್ಕಳು!"

"ಇವರ ಚಿತ್ರಕ್ಕ ನಮ್ಮ ಹುಡುಗ್ಯಾರ ಚಪ್ಪಲಿ ಸವೀಲಿಕತ್ತಾವ" ಎಂದು ನಮ್ಮಮ್ಮ ರೇಗುತ್ತಿದ್ದಳು.

ಓಡಲಾಗದವಳೆಂದರೆ ಅವರ ಮಗಳು ಶಾಂತಾ, ನನ್ನ ಗೆಳತಿ. ಪೋಲಿಯೊದಿಂದ ಒಂದು ಕಾಲು ಸೊರಗಿತ್ತು, ಕಂಕುಳಲ್ಲಿ ಊರುಗೋಲು. ಒಂದು ದಿನ ಕೇಳಿಯೇಬಿಟ್ಟಳು: "ಅಪ್ಪಾ, ಎಲ್ಲಾರ್ನೂ ಬರೀತಿ. ನಾ ಯಾವ ಪುಸ್ತಕದಾಗ ಅದೀನಿ?"

ಕಾಕಾ ಅಂದು ಮನೆಯಲ್ಲಿ ನಿಲ್ಲಲಿಲ್ಲ. ಗೋದಾವರಿಯ ದಂಡೆಯ ತನಕ ನಡೆದು ಬಂದರು. ಆಮೇಲೆ ಬರೆದರು ನೋಡಿ! ಜೋಕಾಲಿಯ ಸುತ್ತ ಮಕ್ಕಳ ಹಿಂಡು, ನಟ್ಟನಡುವೆ ಕೋಲು ಊರಿ ನಿಂತು ನಗುವ ಶಾಂತಾ. ಚಿತ್ರ ಔರಂಗಾಬಾದಿನ ಪ್ರಕಾಶಕರಿಗೆ ಹೋಯಿತು. ಪುಸ್ತಕ ಬರುವ ತನಕ ಅವಳಿಗೂ ನಿದ್ದೆಯಿಲ್ಲ, ನನಗೂ ಬಿಡುವಿಲ್ಲ.

ಪುಸ್ತಕ ಬಂತು. ಹುಡುಗಿ ಇದ್ದಳು, ಕೋಲಿರಲಿಲ್ಲ. ಮಕ್ಕಳ ಪುಸ್ತಕಕ್ಕೆ ಇಂಥದ್ದು ಬೇಡವೆಂದು ಅಲ್ಲಿ ಯಾರೋ ಅಳಿಸಿದ್ದರು. "ಈಕಿ ನಾ ಅಲ್ಲ" ಎಂದು ಶಾಂತಾ ಪುಸ್ತಕ ಮುಚ್ಚಿಟ್ಟಳು.

ಕಾಕಾ ಯಾರನ್ನೂ ಬೈಯಲಿಲ್ಲ. ಶಾಯಿಯ ದೌತಿ, ಲೇಖನಿ ಕಿಸೆಗೆ ಹಾಕಿಕೊಂಡು ಹೊರಟರು. ಊರೂರಿನ ಪುಸ್ತಕದ ಅಂಗಡಿಗೆ ನುಗ್ಗುವುದು, ಕೊಳ್ಳುವವರ ಹಾಗೆ ಪುಟ ತಿರುವುವುದು, ಆ ಹುಡುಗಿಯ ಕಂಕುಳಿಗೆ ಕೋಲು ಬರೆಯುವುದು, ಆರುವ ತನಕ ಉಫ್ ಉಫ್ ಎಂದು ಊದುವುದು! ಸಿನ್ನರಿನಲ್ಲಿ ಅಂಗಡಿಯವನು ಕೊರಳಪಟ್ಟಿ ಹಿಡಿದನಂತೆ. ಇಗತಪುರಿಯ ಮಳೆಯಲ್ಲಿ ನೆನೆದು ಜ್ವರ ತಂದುಕೊಂಡರು. ಸುದ್ದಿ ಪ್ರಕಾಶಕರಿಗೆ ಮುಟ್ಟಿತು, ಕೆಲಸ ಹೋಯಿತು. ಆದರೂ ಮನುಷ್ಯ ನಿಲ್ಲಬೇಕಲ್ಲ!

ನಮ್ಮಪ್ಪನಿಗೆ ವರ್ಗವಾಗಿ ನಾವು ನಾಸಿಕ ಬಿಡುವ ಬೆಳಿಗ್ಗೆಯೇ ಅವರನ್ನು ಕಡೆಯ ಸಲ ಕಂಡದ್ದು. ಜ್ವರ ಇನ್ನೂ ಬಿಟ್ಟಿರಲಿಲ್ಲ. ಔರಂಗಾಬಾದಿನ ಬಸ್ಸಿಗೆ ಹೊರಟಿದ್ದರು. ಶಾಂತಾ ಬಾಗಿಲಿಗೆ ಅಡ್ಡ ನಿಂತಳು.

"ಸಾಕು ಬಿಡಪ್ಪಾ. ಯಾರು ನೋಡ್ತಾರ ಅದನ್ನ?"

ಕಾಕಾ ಅವಳ ತಲೆ ಸವರಿದರು. "ಅಲ್ಲೆ ಅಂಗಡ್ಯಾಗೆಲ್ಲಾ ನೀ ಕೋಲಿಲ್ದ ನಿಂತೀದಿ, ತಾಯಿ. ಬಿದ್ದರ ಹಿಡಿಯವ್ರು ಯಾರು?"