ಹಗ್ಗದ ಇನ್ನೊಂದು ತುದಿ

ಮೋಟಾರು ರಸ್ತೆ ಎಲ್ಲಿ ಬರುತ್ತದೆಂಬುದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೇ ಅಣ್ಣನ ಎದುರು ಕುಳಿತು ನನ್ನ ಪಾಲು ಆರಿಸಿಕೊಂಡೆ. ಊರು ಅದನ್ನು ತ್ಯಾಗವೆಂದಿತು. ನಾನು ಸುಮ್ಮನಿದ್ದೆ — ಇಷ್ಟು ವರ್ಷ ಸುಮ್ಮನಿದ್ದೆ.

ಮೊನ್ನೆ ಒಬ್ಬ ಮಾಸ್ತರರು ಬಂದಿದ್ದರು. ಕುಷ್ಟಗಿಯ ಈ ಅಂಗಡಿ ಸಾಲು ಹೇಗೆ ಹುಟ್ಟಿತು, ಮಕ್ಕಳಿಗೆ ಹೇಳಬೇಕು, ಕಟ್ಟಿಸಿದವರು ನೀವೇ ಅಂತಲ್ಲವೇ ಎಂದು ಕೇಳಿದರು. ಯಾವಾಗಲೂ ಹೇಳುವುದನ್ನೇ ಹೇಳಿದೆ: ಅಣ್ಣನಿಗೆ ಅಂಗಡಿ ಬಿಟ್ಟುಕೊಟ್ಟು ಬರಿ ಬಯಲು ತೆಗೆದುಕೊಂಡೆ, ಮುಂದೆ ದೇವರು ಕೈ ಹಿಡಿದ ಎಂದು. ಅವರು ನನಗೆ ಕೈಮುಗಿದು ಹೋದರು. ಆಮೇಲೆ ನನಗೆ ಅನ್ನ ಇಳಿಯಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಓದಿದ್ದು ಕಡಿಮೆ — ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ಎರಡು ವರ್ಷ, ಕನ್ನಡ ಅಕ್ಷರ ಕಲಿತದ್ದು ಮಠದ ಅಯ್ಯನವರ ಹತ್ತಿರ. ತಪ್ಪಿದ್ದರೆ ಇರಲಿ.

ನಮ್ಮದು ಹಗ್ಗದ ಮನೆತನ. ಊರ ಹೆಬ್ಬಾಗಿಲಾದ ಅಗಸಿಯೊಳಗಿನ ಹಳೆಯ ಪೇಟೆಯಲ್ಲಿ ಅಪ್ಪ ಇಟ್ಟ ಅಂಗಡಿ. ಮೂಗುದಾರ, ದನ ಕಟ್ಟುವ ಕಣ್ಣಿ, ಬಾರುಕೋಲು, ಎತ್ತಿನ ಗೆಜ್ಜೆ ಎಲ್ಲ ಇದ್ದರೂ ಹೆಸರು ಬಂದದ್ದು ಬಾವಿ ಹಗ್ಗಕ್ಕೆ. ನಮ್ಮ ಸೀಮೆಯ ಬಾವಿಗಳು ಆಳ. ತುಂಡು ಹಗ್ಗ ನೀರು ಮುಟ್ಟುವುದಿಲ್ಲ, ಗಂಟು ಹಾಕಿದ್ದು ಗಡಗಡಿಯ ಗಾಲಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದೇ ಉದ್ದಕ್ಕೆ ಹೊಸೆಯಬೇಕು, ಹಾಗೆ ಹೊಸೆಯಲು ಉದ್ದನೆಯ ಜಾಗ ಬೇಕು. ಆ ಜಾಗ ಊರ ಹೊರಗಿತ್ತು. ಅಗಲ ಒಂದು ಮನೆಯಷ್ಟು, ಉದ್ದ ಒಂದು ಓಣಿಯಷ್ಟು. ಹಗ್ಗದ ಬಯಲು ಎನ್ನುತ್ತಿದ್ದೆವು.

ಅಲ್ಲಿ ಒಂದು ತುದಿಗೆ ಕುಳಿತು ನಾನು ನಾರಿಗೆ ಹುರಿ ಕೊಡುವ ರಾಟಿ ತಿರುವುತ್ತಿದ್ದೆ. ಅಣ್ಣ ಮಲ್ಲಪ್ಪ ಪುಂಡಿ ನಾರನ್ನು ಸೊಂಟಕ್ಕೆ ಸುತ್ತಿಕೊಂಡು, ಕೈಯಿಂದ ಬಿಡುತ್ತ ಬಿಡುತ್ತ ಹಿಂದಕ್ಕೆ ನಡೆಯುತ್ತಿದ್ದ. ಹಗ್ಗ ಹೊಸೆಯುವವನು ತಿರುಗಿ ನೋಡುವಂತಿಲ್ಲ, ನೋಡಿದರೆ ಹುರಿ ಕೆಡುತ್ತದೆ. ಬೆನ್ನ ಹಿಂದೆ ನಾಯಿ ಬರಲಿ, ಹಾವು ಬರಲಿ, ರಾಟಿಯ ಬಳಿ ಕುಳಿತವನೇ ಕೂಗಿ ಹೇಳಬೇಕು. ಅದು ನನ್ನ ಕೆಲಸ. ‘ಅಣ್ಣಾ, ಎಮ್ಮಿ’ ಎಂದರೆ ಸಾಕು, ನೋಡದೆಯೇ ಪಕ್ಕಕ್ಕೆ ಸರಿಯುತ್ತಿದ್ದ. ಅಷ್ಟು ನಂಬಿಕೆ ನನ್ನ ದನಿಯ ಮೇಲೆ.

ಆಗ ಮೋಟಾರು ಅಗಸಿಯೊಳಗೇ ಬರುತ್ತಿತ್ತು. ಪೇಟೆಯ ಇಕ್ಕಟ್ಟಿನಲ್ಲಿ ತೂರಿ, ಕಟ್ಟೆಗಳಿಗೆ ಉಜ್ಜಿಕೊಂಡು ನಮ್ಮ ಅಂಗಡಿಯ ಮುಂದೆ ನಿಲ್ಲುತ್ತಿತ್ತು. ಇಳಿದವರು ಮೊದಲು ಕಾಣುತ್ತಿದ್ದುದು ನಮ್ಮ ಹಗ್ಗಗಳನ್ನೇ. ದೊಡ್ಡ ಯುದ್ಧ ಶುರುವಾಗುವ ಮುಂಚಿನ ಒಂದು ಬೇಸಿಗೆಯಲ್ಲಿ ಸರ್ಕಾರದ ಅಳತೆಯವರು ಊರ ಹೊರಗೆ ಡೇರೆ ಹಾಕಿ, ನಮ್ಮಲ್ಲಿದ್ದ ಎಲ್ಲಕ್ಕಿಂತ ಉದ್ದನೆಯ ಹಗ್ಗ ಬೇಕೆಂದು ಹೇಳಿಕಳಿಸಿದರು. ಅಣ್ಣ ನಾರು ತರಲು ಯಲಬುರ್ಗಾ ಕಡೆ ಹೋಗಿದ್ದ. ನಾನೇ ಹೊತ್ತುಕೊಂಡು ಹೋದೆ.

ಅವರಲ್ಲಿ ಆಳು ಸಾಲದಾಗಿತ್ತು. ಓವರ್‌ಸಿಯರ್ ಸಾಹೇಬರು ಹಗ್ಗದ ಒಂದು ತುದಿಯನ್ನು ನನ್ನ ಕೈಗೇ ಕೊಟ್ಟರು. ಬಿಗಿಯಾಗಿ ಎಳೆದು ನಿಂತೆ. ಕೂಲಿಯವರು ಹಗ್ಗದ ಗುಂಟ ಸುಣ್ಣ ಚೆಲ್ಲುತ್ತ ಬಂದರು. ನಾನು ಹಗ್ಗದ ಮೇಲೆಯೇ ಕಣ್ಣಿಟ್ಟು ನೋಡಿದೆ — ಅದು ನಮ್ಮ ಬಯಲಿನ ಅಂಚಿಗೆ, ಈ ತುದಿಯಿಂದ ಆ ತುದಿಯವರೆಗೆ, ಗೆರೆ ಎಳೆದ ಹಾಗೆ ಹೊರಟಿತ್ತು. ಏನ್ರಿ ಇದು ಎಂದು ಕೇಳಿದೆ. ಹೊಸ ರಸ್ತೆ, ಇನ್ನು ಮೋಟಾರು ಅಗಸಿಯೊಳಗೆ ಹೋಗುವುದಿಲ್ಲ, ನಿಲ್ಲುವುದೂ ಇಲ್ಲಿಯೇ ಎಂದರು. ಆಮೇಲೆ ಬಯಲಿನ ಕಡೆ ಬೆರಳು ಮಾಡಿ, ಇದು ಯಾರ ಜಾಗ ಎಂದರು.

“ನಂದ್ರಿ” ಅಂದೆ.

ಅಪ್ಪ ಸತ್ತು ಎರಡು ವರ್ಷವಾಗಿತ್ತು. ಯಾವುದೂ ಪಾಲಾಗಿರಲಿಲ್ಲ. ಆ ಮಾತು ಬಾಯಿಂದ ಬಿದ್ದಾಗ ನನಗೇ ಹೆದರಿಕೆಯಾಯಿತು. ಹೆದರಿಕೆಯ ಹಿಂದೆಯೇ ಇನ್ನೊಂದು ಬಂತು — ಅದನ್ನು ಏನೆಂದು ಕರೆಯಲಿ.

ಅಣ್ಣ ತಿರುಗಿ ಬರುವಷ್ಟರಲ್ಲಿ ಡೇರೆ ಎದ್ದಿತ್ತು, ಗೆರೆಯ ಸುಣ್ಣ ಗಾಳಿಗೆ ಹಾರಿತ್ತು, ಹಗ್ಗ ಅಂಗಡಿಗೆ ಮರಳಿತ್ತು. ಕೈಗೆ ಬೆಳ್ಳಗೆ ಹತ್ತಿದ್ದನ್ನು ನೋಡಿ ಕೇಳಿದ: “ಹಗ್ಗಕ್ಕ ಸುಣ್ಣ ಯಾಕ ಹತ್ತೈತಿ, ಶಿವ್ಯಾ?”

“ಯಾರೋ ಮನಿ ಪಾಯಾ ಹಾಕೋರು ಒಯ್ದಿದ್ರಣ್ಣ.”

ಅವನು ಹಗ್ಗ ಜಾಡಿಸಿ ಗೂಟಕ್ಕೆ ಹಾಕಿದ. ಇನ್ನೊಂದು ಮಾತು ಕೇಳಿದ್ದರೆ ಹೇಳುತ್ತಿದ್ದೆನೋ ಏನೋ. ಅವನು ಕೇಳಲಿಲ್ಲ.

ಪಾಲಿನ ಮಾತು ತೆಗೆದವನೂ ನಾನೇ. ಮದುವೆ ಗೊತ್ತಾಗಿತ್ತು, ಅದೇ ನೆವ. ಹಿರಿಯನು ಪಾಲು ಮಾಡಬೇಕು, ಕಿರಿಯನು ಮೊದಲು ಆರಿಸಬೇಕು — ಅದು ನಮ್ಮ ಕಡೆಯ ಪದ್ಧತಿ, ಮಾಡುವವನ ಕೈ ಒಂದು ಕಡೆ ವಾಲಬಾರದೆಂದು. ಅಣ್ಣ ಎರಡು ಪಾಲು ಮಾಡಿದ. ಒಂದು, ಅಗಸಿಯೊಳಗಿನ ಅಂಗಡಿ. ಇನ್ನೊಂದು ಹಗ್ಗದ ಬಯಲು, ಅದು ಹಗುರಾಯಿತೆಂದು ಅದಕ್ಕೆ ಎತ್ತು, ಬಂಡಿ, ಅಡುಗೆಮನೆಯ ಹಿತ್ತಾಳೆ ಎಲ್ಲ ಸೇರಿಸಿದ. ನಾನು ಅಂಗಡಿಯನ್ನೇ ಆರಿಸುತ್ತೇನೆಂದು ಅವನಿಗೂ ಗೊತ್ತು, ಕುಳಿತ ಹಿರಿಯರಿಗೂ ಗೊತ್ತು. ಅತ್ತಿಗೆ ಬಾಗಿಲ ಹಿಂದೆ ಕೂಸನ್ನು ಎತ್ತಿಕೊಂಡು ನಿಂತಿದ್ದಳು.

“ಅಣ್ಣಗ ಮಕ್ಕಳು ಅದಾವ್ರಿ, ಅಂಗಡಿ ಅವಗ ಇರ್ಲಿ. ನನಗ ಬಯಲ ಸಾಕು” ಎಂದೆ.

 ಕುಳಿತವರಲ್ಲಿ ಒಬ್ಬ ಮುದುಕರು, “ಹುಚ್ಚ ಅದಿಯೇನಲೇ? ಬಯಲಾಗ ಕುಂತು ಗಾಳಿ ತೂಗಿ ಮಾರತಿಯೇನು?” ಎಂದರು. ಎಲ್ಲರೂ ನಕ್ಕರು. ಅಣ್ಣ ನಗಲಿಲ್ಲ. ಎದ್ದು ಬಂದು ನನ್ನ ತಲೆಯ ಮೇಲೆ ಕೈಯಿಟ್ಟ. ಅಂದು ಅತ್ತಿಗೆ ಹೋಳಿಗೆ ಮಾಡಿ, ಮೊದಲನೆಯದನ್ನು ನನಗೆ ಬಡಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ತಿಂದೆ. ಎರಡನೆಯದನ್ನೂ ತಿಂದೆ.

ಒಂದು ಮಳೆಗಾಲ ದಾಟುವಷ್ಟರಲ್ಲಿ ರಸ್ತೆ ಬಂತು. ಅಣ್ಣನಿಗೆ ಸಂತೋಷವೋ ಸಂತೋಷ. ನನ್ನ ತಮ್ಮ ಬೇಡಿ ಬಯಲು ತಗೊಂಡ, ದೇವರು ಅವನ ಬಾಗಿಲಿಗೇ ರಸ್ತೆ ತಂದ ಎಂದು ಪೇಟೆಯೆಲ್ಲ ಹೇಳಿಕೊಂಡು ತಿರುಗಿದ.

ಬೀದಿ ಬೆಳೆದದ್ದು ಹೀಗೆ. ಮೊದಲು ಇಮಾಮಸಾಬರು ಒಂದು ತಟ್ಟಿ ಕಟ್ಟಿ ಪಾತ್ರೆಗಳಿಗೆ ಕಲಾಯಿ ಹಾಕಲು ಕುಳಿತರು. ಅವರ ಪಕ್ಕದಲ್ಲಿ ಸೈಕಲ್ಲು ಬಾಡಿಗೆಯ ಅಂಗಡಿ. ಯುದ್ಧದಲ್ಲಿ ಪೆಟ್ರೋಲು ಸಿಗದೆ ಮೋಟಾರುಗಳು ಇದ್ದಿಲ ಹೊಗೆಯಿಂದ ಓಡತೊಡಗಿದಾಗ ಇದ್ದಿಲು ಮಾರುವವರು ಬಂದರು. ಅವರ ಕರಿ ತನ್ನ ಬಟ್ಟೆಗೆ ಹತ್ತುತ್ತದೆಂದು ಪಕ್ಕದ ದರ್ಜಿಗೂ ಅವರಿಗೂ ನಿತ್ಯ ಜಗಳ. ಆಮೇಲೆ ಹಿಟ್ಟಿನ ಗಿರಣಿ. ನಿಜಾಮರ ಆಳ್ವಿಕೆ ಮುಗಿದ ಮೇಲೆ ಉರ್ದು ಫಲಕಗಳ ಪಕ್ಕ ಕನ್ನಡದ ಫಲಕಗಳು ಬಂದವು. ಅಂಗಡಿ ಒಂದೊಂದು ಎದ್ದಾಗಲೂ ಹಗ್ಗದ ಬಯಲು ಅಷ್ಟಷ್ಟು ಮೊಟಕಾಯಿತು.

ಪಾಲಾದ ದಿನವೇ ಅಣ್ಣನಿಗೆ ಹೇಳಿದ್ದೆ, ಹಗ್ಗ ನೀನು ಬಯಲಿನಲ್ಲಿಯೇ ಹೊಸಿ, ರಾಟಿಗೆ ನಾನು ಬರುತ್ತೇನೆ ಎಂದು. ಬರುತ್ತಲೂ ಇದ್ದೆ. ಯುದ್ಧದ ನಡುವಿನ ಒಂದು ವರ್ಷ, ಚಹಾದ ಅಂಗಡಿಗೆಂದು ಬಯಲಿನ ಆ ತುದಿಯಲ್ಲಿ ಗೋಡೆ ಎತ್ತಿಸಿದೆ. ಅಣ್ಣನಿಗೆ ಹೇಳಬೇಕು, ಇವತ್ತು ಹೇಳಬೇಕು ಎಂದುಕೊಳ್ಳುತ್ತಿದ್ದೆ. ಅವನು ಪೇಟೆಯ ಕಡೆಯ ದಾರಿಯಿಂದ ಬಂದವನು ಅತ್ತ ನೋಡದೆಯೇ ನಾರು ಸೊಂಟಕ್ಕೆ ಸುತ್ತಿ, ನನ್ನ ಕಡೆ ಮುಖ ಮಾಡಿ ನಡೆಯತೊಡಗಿದ. ಅವತ್ತಿನದು ಬಾವಿ ಹಗ್ಗ. ಅವನು ಹಿಂದೆ ಹಿಂದೆ ಹೋಗುತ್ತಿದ್ದ. ಗೋಡೆ ನನಗೆ ಕಾಣುತ್ತಿತ್ತು. ರಾಟಿ ನನ್ನ ಕೈಯಲ್ಲಿ ತಿರುಗುತ್ತಲೇ ಇತ್ತು. ಕೂಗಬೇಕು — ಏನೆಂದು ಕೂಗಲಿ? ‘ಅಣ್ಣಾ, ಗ್ವಾಡಿ’ ಎಂದರೆ, ಯಾರ ಗೋಡೆ, ಯಾವಾಗಿನದು, ಯಾಕೆ ಹೇಳಲಿಲ್ಲ… ನಾಲಿಗೆ ಏಳಲಿಲ್ಲ.

ಬೆನ್ನು ಹೋಗಿ ಗೋಡೆಗೆ ಬಡಿಯಿತು. ಹುರಿ ಕೈಯಿಂದ ಜಾರಿ ನುಲಿದುಕೊಂಡು ಬಿತ್ತು. ಅವನು ತಿರುಗಿ, ಇನ್ನೂ ಹಸಿಯಾಗಿದ್ದ ಮಣ್ಣನ್ನು ಅಂಗೈಯಿಂದ ಮುಟ್ಟಿ ನೋಡಿದ. ಆಮೇಲೆ ನನ್ನ ಕಡೆ ನೋಡಿದ.

“ಕೂಗಿದ್ದಿಯೇನು? ನನಗ ಕೇಳಲಿಲ್ಲೋ.”

“ಕೂಗಿದ್ನಿ, ಅಣ್ಣಾ” ಎಂದೆ.

“ಕಿವಿ ಮಂದ ಆದ್ವು ಬಿಡು” ಎಂದು ನಕ್ಕ.

ಅಂದಿನಿಂದ ತನ್ನ ಕಿವಿ ಕೆಟ್ಟಿದೆಯೆಂದೇ ಅವನು ನಂಬಿದ. ಯಾರಾದರೂ ಮಾತಾಡಿಸಿದರೆ ಅಂಗೈಯನ್ನು ಕಿವಿಗೆ ಹಚ್ಚಿ ಕೇಳುತ್ತಿದ್ದ. ಆ ಕೈ ನೋಡಿದಾಗಲೆಲ್ಲ ನಾನು…

ಬಾವಿ ಹಗ್ಗ ಅವನು ಮತ್ತೆ ಹೊಸೆಯಲಿಲ್ಲ. ಉಳಿದ ಜಾಗದಲ್ಲಿ ಕಣ್ಣಿ, ಮೂಗುದಾರ ಅಷ್ಟೇ ಆಗುತ್ತಿತ್ತು. ಕಡೆಗೆ ಅದೂ ಇಲ್ಲ. ಮೋಟಾರು ಬರದ ಪೇಟೆಯಲ್ಲಿ ಹಗ್ಗಗಳು ಧೂಳು ಹಿಡಿದು ತೂಗುತ್ತಿದ್ದವು. ನನ್ನ ಸಾಲಿನಲ್ಲಿ ಒಂದು ಮಳಿಗೆ ತಗೋ ಎಂದು ಎರಡು ಸಲ ಹೇಳಿದೆ. ನಿನ್ನ ಪಾಲಿನದು ನಿನಗಿರಲಿ, ನೀನು ಒಮ್ಮೆ ಅಂಗಡಿ ಬಿಟ್ಟುಕೊಟ್ಟದ್ದೇ ಹೆಚ್ಚಾಯಿತು ಎಂದ. ಆಗಲಾದರೂ ಹೇಳಬಹುದಿತ್ತು. ಅವನು ಸಾಯುವವರೆಗೂ ಹೇಳಬಹುದಿತ್ತು.

ಮಾಸ್ತರರು ಬಂದು ಹೋದ ಮಾರನೆಯ ದಿನ ಅತ್ತಿಗೆಯ ಬಳಿ ಹೋದೆ, ಹೇಳಲೆಂದೇ. ಅವಳು ಹಿತ್ತಲ ಬಾವಿಯಲ್ಲಿ ನೀರು ಸೇದುತ್ತಿದ್ದಳು. ಈ ವಯಸ್ಸಿನಲ್ಲಿಯೂ ತಾನೇ ಸೇದುತ್ತಾಳೆ. ಕೈಯಿಂದ ಹಗ್ಗ ತೆಗೆದುಕೊಂಡೆ. ಸವೆದು ಹರಿದಲ್ಲೆಲ್ಲ ಗಂಟು ಹಾಕಿದ ಹಗ್ಗ. ಗಂಟು ಗಡಗಡಿಗೆ ಸಿಕ್ಕು ನಿಂತಿತು.

“ನಿಮ್ಮಣ್ಣ ಹೊಸೆದಿದ್ದು ಅದಪ್ಪಾ. ಇಷ್ಟು ಉದ್ದಂದು ಈಗ ಯಾರು ಮಾಡ್ತಾರ” ಎಂದಳು.

ಕೊಡ ಮೇಲೆಳೆದು ಕಟ್ಟೆಯ ಮೇಲಿಟ್ಟು ತಿರುಗಿ ಬಂದೆ. ಬಂದು, ಬರೆಯಲು ಕುಳಿತೆ. ಅತ್ತಿಗೆಗೆ ಓದಲು ಬರುವುದಿಲ್ಲ. ಅದು ಗೊತ್ತಿದ್ದೇ, ಹೇಳುವ ಬದಲು ಬರೆದೆನೇನೋ — ಅದೂ ನನ್ನಿಂದ ಆಗುವಂಥದ್ದೇ.

ಇದನ್ನು ಅವಳ ಎದುರು ಕುಳಿತು ನಾನೇ ಓದಿ ಹೇಳಬೇಕು. ನಾಳೆ ಹೋಗುತ್ತೇನೆ. ದನಿ ಬರುತ್ತದೋ ಇಲ್ಲವೋ ತಿಳಿಯದು. ರಾಟಿಯ ಮುಂದೆ ಕುಳಿತ ಅವತ್ತು ಬರಲಿಲ್ಲ.